ಎಲಿಜಬೆತ್ ಬ್ರೌನಿಂಗ್: ಬದುಕಿನ ಕಥೆ ಬದಿಗಿಟ್ಟು ಕವಿತೆ ಓದಬೇಕೇ?

ಪರ: ಕಥೆ ಸಾಕು, ಕವಿತೆ ತೆಗೆಯಿರಿ

ಚಿಕ್ಕಮ್ಮನ ಮಗಳ ಮದುವೆ ಕಾರ್ಡ್ ಬಂತು. ಗಣಪತಿಯ ಕೆಳಗೆ ಬಂಗಾರದ ಬಣ್ಣದಲ್ಲಿ ಒಂದು ಇಂಗ್ಲಿಷ್ ಸಾಲು. ‘ನಿನ್ನನ್ನು ಹೇಗೆಲ್ಲ ಪ್ರೀತಿಸುತ್ತೇನೆ, ಎಣಿಸಿ ಹೇಳುತ್ತೇನೆ ಇರು’ ಅನ್ನುವ ಅರ್ಥದ್ದು. ಯಾರು ಬರೆದದ್ದು ಅಂತ ಕೇಳಿದೆ. “ಪ್ರೆಸ್‌ನವರ ಆಲ್ಬಂನಲ್ಲಿತ್ತು ಅಕ್ಕ, ಚೆನ್ನಾಗಿದೆ ಅಲ್ವಾ?” ಅಂದಳು. ಚೆನ್ನಾಗೇ ಇದೆ. ನನಗೆ ಮಾತ್ರ ಊಟದ ಹೊತ್ತಿನ ತನಕ ಸಮಾಧಾನವಿರಲಿಲ್ಲ.

ಅದು ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ (1806–1861) ಬರೆದ 44 ಸಾನೆಟ್‌ಗಳಲ್ಲಿ (ಹದಿನಾಲ್ಕು ಸಾಲಿನ ಕವಿತೆಗಳಲ್ಲಿ) 43ನೆಯದು. ಜನಕ್ಕೆ ಗೊತ್ತಿರುವುದು ಆ ಒಂದು ಸಾಲು, ಜೊತೆಗೆ ಒಂದು ಕಥೆ. ಲಂಡನ್ನಿನ ವಿಂಪೋಲ್ ಬೀದಿಯ ಮನೆ. ಕಾಯಿಲೆಯ ಹೆಣ್ಣು. ಮಕ್ಕಳ್ಯಾರೂ ಮದುವೆಯಾಗಕೂಡದು ಅನ್ನುವ ಅಪ್ಪ. ಕಾಗದ ಬರೆದು ಒಲಿಸಿಕೊಂಡ ಕವಿ ರಾಬರ್ಟ್ ಬ್ರೌನಿಂಗ್. 1846ರ ಸೆಪ್ಟೆಂಬರಿನಲ್ಲಿ ಗುಟ್ಟಾಗಿ ಮದುವೆ, ಆಮೇಲೆ ನಾಯಿ ಸಮೇತ ಇಟಲಿಗೆ ಪರಾರಿ. ಇದು ನಾಟಕವಾಯಿತು, ಸಿನಿಮಾ ಆಯಿತು. ಆ ನಾಯಿಯ ಜೀವನಚರಿತ್ರೆಯೂ ಬಂತು!

ಕವಿತೆ ಎಲ್ಲಿ ಹೋಯಿತು? ರಾಬರ್ಟರ ಮೊದಲ ಕಾಗದ ಬಂದದ್ದು 1845ರ ಜನವರಿಯಲ್ಲಿ. ಎಲಿಜಬೆತ್‌ರ ‘ಮಕ್ಕಳ ಅಳು’ 1843ರಲ್ಲೇ ಅಚ್ಚಾಗಿತ್ತು. ಗಣಿಯಲ್ಲೂ ಕಾರ್ಖಾನೆಯಲ್ಲೂ ದುಡಿಯುವ ಮಕ್ಕಳ ಬಗ್ಗೆ ಸರ್ಕಾರಿ ಆಯೋಗದ ವರದಿ ಬಂದಿತ್ತು. ಅದರ ಬಿಸಿಯಲ್ಲಿ ಹುಟ್ಟಿದ ಕವಿತೆ ಅದು. ದಿನವಿಡೀ ಚಕ್ರ ತಿರುಗುತ್ತದೆ. ಮಕ್ಕಳ ಕಣ್ಣಿಗೆ ಗೋಡೆಯೂ ತಿರುಗುತ್ತದೆ, ಕಿಟಕಿಯ ಆಕಾಶವೂ ತಿರುಗುತ್ತದೆ, ಸೂರಿನ ಕರಿ ನೊಣಗಳೂ ತಿರುಗುತ್ತವೆ. ಇವತ್ತೊಂದು ದಿನ ಸುಮ್ಮನಿರಿ ಅಂತ ಚಕ್ರಗಳನ್ನು ಬೇಡಿಕೊಳ್ಳುತ್ತಾರೆ. ಪುಟ್ಟ ಆಲಿಸ್ ಹೋದ ವರ್ಷ ಸತ್ತಳು. ಅವಳನ್ನು ಹೂಳಲು ತೋಡಿದ ಗುಂಡಿಯೊಳಗೆ ಇಣುಕಿದ ಮಕ್ಕಳಿಗೆ ಕಂಡದ್ದು ಒಂದೇ: ಅಲ್ಲಿ ಕೆಲಸ ಮಾಡಲು ಜಾಗವೇ ಇಲ್ಲ. ಇದನ್ನು ಓದಲು ಯಾರ ಪ್ರೇಮಕಥೆ ಬೇಕು ಹೇಳಿ?

1850ರಲ್ಲಿ ವರ್ಡ್ಸ್‌ವರ್ತ್ ತೀರಿಕೊಂಡಾಗ ಆಸ್ಥಾನಕವಿ ಪಟ್ಟಕ್ಕೆ ಇವರ ಹೆಸರೂ ಕೇಳಿಬಂದಿತ್ತು. ಪಟ್ಟ ಟೆನಿಸನ್‌ಗೆ ಹೋಯಿತು. ಆದರೂ ಆಗ ಗಂಡನಿಗಿಂತ ಇವರೇ ಹೆಸರುವಾಸಿ. ಆರೇಳು ವರ್ಷದ ಮೇಲೆ ಇವರ ‘ಅರೋರಾ ಲೀ’ ಅನ್ನುವ ಕಥನಕಾವ್ಯ ಬಂತು. ಒಂಬತ್ತು ಭಾಗ, ಹತ್ತು ಸಾವಿರಕ್ಕೂ ಜಾಸ್ತಿ ಸಾಲು. ನಾಯಕಿಯೇ ಕವಯಿತ್ರಿ. ಮದುವೆಯಾಗು ಅಂದ ಸೋದರಸಂಬಂಧಿಗೆ ಒಲ್ಲೆ ಅನ್ನುತ್ತಾಳೆ. ಅವನಿಗೆ ಬೇಕಿದ್ದುದು ಹೆಂಡತಿಯಲ್ಲ, ತನ್ನ ಸಮಾಜಸೇವೆಗೆ ಒಬ್ಬ ಸಹಾಯಕಿ. (ಕೊನೆಗೆ ಅವನನ್ನೇ ಒಪ್ಪುತ್ತಾಳೆ. ಅದು ಬೇರೆ ಮಾತು.)

ಇವರ ಮನೆತನಕ್ಕಿದ್ದ, ಗುಲಾಮರು ದುಡಿದ ಜಮೈಕಾದ ಕಬ್ಬಿನ ತೋಟದ ಮಾತು ಎತ್ತುವವರೂ ಇದ್ದಾರೆ. ಎತ್ತಲಿ. ಅದು ಅವರಪ್ಪನ ಆಸ್ತಿಯ ವಿಷಯ. ಕವಿತೆಗಿಂತ ಕಥೆಯೇ ಬೇಕು ಅನ್ನುವವರಿಗೆ ಸಂಜೆ ಹೊತ್ತು ಧಾರಾವಾಹಿಗಳಿವೆ.

ವಿರೋಧ: ಕಥೆಯೂ ಇರಲಿ ಬಿಡಿ

ನಿಜ ಹೇಳಿಬಿಡುತ್ತೇನೆ. ಆ ಕಡೆಯನ್ನು ಬೇರೆಯವರು ಮೊದಲೇ ಹಿಡಿದಿದ್ದರು, ನನಗೆ ಈ ಕಡೆ ಉಳಿಯಿತು. ‘ಮಕ್ಕಳ ಅಳು’ ದೊಡ್ಡ ಕವಿತೆ, ಅದಕ್ಕೆ ತಕರಾರಿಲ್ಲ. ಸಾನೆಟ್‌ಗಳಿಗೆ ‘ಪೋರ್ಚುಗೀಸಿನಿಂದ’ ಅಂತ ಹೆಸರಿಟ್ಟು, ಅನುವಾದದ ಹಾಗೆ ಕಾಣಿಸಿ, ತನ್ನ ಬದುಕನ್ನು ಮರೆಮಾಡಿದ್ದೂ ಆಕೆಯೇ. ಇದು ನನ್ನ ವಾದಕ್ಕೆ ಏನೂ ಸಹಾಯ ಮಾಡುವುದಿಲ್ಲ, ಗೊತ್ತು.

ಆದರೆ ಓಡಿಹೋದ ಗುಲಾಮ ಹೆಣ್ಣಿನ ಬಗ್ಗೆ ಆಕೆ ಒಂದು ಕವಿತೆ ಬರೆದಿದ್ದಾರೆ. ಬಿಳಿಯರ ಬಲಾತ್ಕಾರದಿಂದ ಹುಟ್ಟಿದ ಮಗುವನ್ನು ಆ ತಾಯಿ ಕೈಯಾರೆ ಕೊಲ್ಲುತ್ತಾಳೆ. ಮಗುವಿನ ಮುಖದಲ್ಲಿ ಅವಳಿಗೆ ಒಡೆಯನ ನೋಟ ಕಂಡಿರುತ್ತದೆ. ಬರೆದಾಕೆಯ ಮನೆತನದ ದುಡ್ಡು ಬಂದದ್ದು ಜಮೈಕಾದ ಕಬ್ಬಿನ ತೋಟಗಳಿಂದ, ಗುಲಾಮರ ದುಡಿಮೆಯಿಂದ. ಇದು ಗೊತ್ತಾದ ಮೇಲೆ ಆ ಕವಿತೆ ಮೊದಲಿನ ಹಾಗೆ ಉಳಿಯುತ್ತದೆಯೇ? ನನಗಂತೂ ಉಳಿಯಲಿಲ್ಲ.

ನಾನು ಆಕೆಯನ್ನು ಓದಿದ್ದೇ ಕಥೆಯ ದಾರಿಯಲ್ಲಿ. ಪಿಯುಸಿಯಲ್ಲಿ ಕಾಮಾಲೆಯಾಗಿ ಎರಡು ತಿಂಗಳು ಮಲಗಿದ್ದೆ. ದಿನಾ ಬರುತ್ತೇನೆ ಅಂದಿದ್ದ ಗೆಳೆಯ ಒಂದೇ ದಿನ ಬಂದ, ಒಂದು ಬಾಟಲಿ ಕಬ್ಬಿನಹಾಲು ಕೊಟ್ಟು ಹೋದ. ಸೋದರಮಾವ ಹಳೇ ಪುಸ್ತಕದಂಗಡಿಯಿಂದ ಒಂದು ಪುಸ್ತಕ ತಂದಿದ್ದರು. ಅದರಲ್ಲಿ ಎಲಿಜಬೆತ್, ರಾಬರ್ಟ್ ಇಬ್ಬರೂ ಮದುವೆಗೆ ಮುಂಚೆ ಬರೆದುಕೊಂಡ ಕೆಲವು ಕಾಗದಗಳಿದ್ದವು. ಇಪ್ಪತ್ತು ತಿಂಗಳಲ್ಲಿ 500ಕ್ಕೂ ಹೆಚ್ಚು ಕಾಗದ! ನನಗೆ ಇಂಗ್ಲಿಷ್ ಅರ್ಧಂಬರ್ಧ. ಆದರೂ ಕೋಣೆಯಲ್ಲಿ ಬಿದ್ದುಕೊಂಡವರಿಗೆ ಟಪಾಲಿನ ಹೊತ್ತು ಅಂದರೆ ಏನು ಅಂತ ಅರ್ಥವಾಗುತ್ತಿತ್ತು. ಗೇಟಿನ ಸದ್ದಾದರೆ ನಾನೂ ಕಿವಿಗೊಡುತ್ತಿದ್ದೆ.

ಇಟಲಿಯಿಂದ ಆಕೆ ಅಪ್ಪನಿಗೂ ಕಾಗದ ಬರೆಯುತ್ತಲೇ ಇದ್ದರು. ವರ್ಷಗಳಾದ ಮೇಲೆ ಅಪ್ಪ ಅವನ್ನೆಲ್ಲ ಒಟ್ಟಿಗೆ ವಾಪಸ್ ಕಳಿಸಿದರು. ಒಂದನ್ನೂ ಒಡೆದಿರಲಿಲ್ಲ.