ಆ ಬೆಳಿಗ್ಗೆ ಶಾಬಾನ್ ಜೈಲಿನಲ್ಲಿದ್ದ

ನಿನ್ನೆ ರಾತ್ರಿ ‘ಕೈಸರ್’ ಮತ್ತೆ ನೋಡಿದೆ. 1969ರ ಇರಾನಿ ಸಿನಿಮಾ, ಮಸೂದ್ ಕಿಮಿಯಾಯಿ ಅವರದು. ತಂಗಿ ಸತ್ತಿದ್ದಾಳೆ, ಅಣ್ಣನನ್ನೂ ಕೊಂದಿದ್ದಾರೆ. ಹಿಮ್ಮಡಿ ತುಳಿದು ಚಪ್ಪಲಿ ಥರ ಮೆಟ್ಟಿಕೊಂಡಿದ್ದ ಶೂವನ್ನು ಸೇಡಿಗೆ ಹೊರಟ ನಾಯಕ ಬೆಹ್ರೂಜ್ ವೊಸೂಘಿ ಸರಿಯಾಗಿ ಏರಿಸಿಕೊಳ್ಳುತ್ತಾನೆ. ಅಷ್ಟೇ, ಮೈ ಜುಂ ಅಂತು.

ಅದನ್ನು ಹಂಚಿಕೊಂಡಿದ್ದಕ್ಕೆ ಒಬ್ಬರು ಕೇಳಿದರು: ‘ಇಂಥ ರೌಡಿಗಳೇ ಅಲ್ವಾ ಮೊಸಾದ್ದೆಗ್ ಸರ್ಕಾರ ಉರುಳಿಸಿದ್ದು?’ ಸಿಟ್ಟು ನೆತ್ತಿಗೇರಿತು. ಮೊಸಾದ್ದೆಗ್ ಅಂದರೆ 1953ರ ಆಗಸ್ಟ್ 19ರ ದಂಗೆಯಲ್ಲಿ ಅಧಿಕಾರ ಕಳೆದುಕೊಂಡ ಇರಾನಿನ ಪ್ರಧಾನಿ.

ನಾನು ಗರಡಿಮನೆ ಹುಡುಗ ಅಂತ ನಿಮಗೆಲ್ಲ ಗೊತ್ತು. ಟೆಹ್ರಾನಿನ ಜೂರ್‌ಖಾನೆಯೂ ಗರಡಿಯೇ. ತಗ್ಗಿನ ಅಖಾಡ, ಮರದ ಗದೆ, ಮೇಲೆ ಕೂತು ಡೋಲು ಬಡಿಯುತ್ತಾ ಪರ್ಷಿಯನ್ ಮಹಾಕಾವ್ಯ ‘ಶಾಹನಾಮೆ’ ಹಾಡುವ ಮುರ್ಷಿದ್. ಅಲ್ಲಿ ಮೈ ಬೆಳೆಸಿದವರಲ್ಲಿ ಒಬ್ಬ ಶಾಬಾನ್ ಜಾಫರಿ. ಜನ ಕರೆದದ್ದು ‘ಬೀಮೊಖ್’, ಮಿದುಳಿಲ್ಲದವನು ಅಂತ. 1953ರ ದಂಗೆ ಅಂದರೆ ಎಲ್ಲರೂ ಇವನತ್ತಲೇ ಬೆರಳು ತೋರಿಸುತ್ತಾರೆ. ಆದರೆ ಆಗಸ್ಟ್ 19ರ ಬೆಳಿಗ್ಗೆ ಅವನು ಜೈಲಿನಲ್ಲಿದ್ದ! ಫೆಬ್ರವರಿಯಲ್ಲಿ ಮೊಸಾದ್ದೆಗ್ ಮನೆ ಗೇಟಿಗೆ ಜೀಪು ಗುದ್ದಿಸಿದ ಕೇಸಿನಲ್ಲಿ.

ಬೇರೆ ಪೈಲ್ವಾನರು ಬೀದಿಗೆ ಇಳಿದಿದ್ದರು, ಒಪ್ಪುತ್ತೇನೆ. ದೊಣ್ಣೆ ಹಿಡಿದಿದ್ದರು, ಪತ್ರಿಕಾ ಕಚೇರಿಗಳಿಗೆ ಬೆಂಕಿ ಬಿತ್ತು. ಆದರೆ ಮೊಸಾದ್ದೆಗ್ ಮನೆ ಕೆಡವಿದ್ದು ದೊಣ್ಣೆನಾ? ಟ್ಯಾಂಕು. ಟ್ಯಾಂಕಿನ ಹಿಂದೆ ಸೇನಾಧಿಕಾರಿಗಳು, ಅವರ ಹಿಂದೆ ಸಿಐಎ ಮತ್ತು ಬ್ರಿಟಿಷ್ ಬೇಹುಗಾರರ ದುಡ್ಡು. ಅವರನ್ನು ಬಿಟ್ಟು ಪೈಲ್ವಾನರನ್ನೇ ಯಾಕೆ ಹಿಡಿದುಕೊಳ್ಳುತ್ತೀರಿ?

ಇದು ನನಗೆ ಯಾಕೆ ಇಷ್ಟು ತಾಗುತ್ತದೆ ಅಂದರೆ, ನಮ್ಮ ಬೀದಿಯಲ್ಲಿ ಏನೇ ಗಲಾಟೆ ಆಗಲಿ, ಪೊಲೀಸರು ಮೊದಲು ಬಡಿಯುತ್ತಿದ್ದದ್ದು ನಮ್ಮ ಮನೆ ಬಾಗಿಲು. ಅಪ್ಪ ಪೈಲ್ವಾನ್, ಅದೇ ತಪ್ಪು. ಊಟದ ತಟ್ಟೆ ಬಿಟ್ಟು, ಕೈ ತೊಳೆದುಕೊಂಡು, ಶರ್ಟು ಹಾಕಿಕೊಂಡು ಸುಮ್ನೆ ಅವರ ಹಿಂದೆ ಹೋಗುತ್ತಿದ್ದರು. ಇದನ್ನು ಇಲ್ಲಿಯವರೆಗೆ ಬರೆದಿರಲಿಲ್ಲ.

ತಯ್ಯಬ್ ಹಾಜ್ ರೆಜಾಯಿ ಕಥೆ ಕೇಳಿ. ಟೆಹ್ರಾನಿನ ತರಕಾರಿ ಮಂಡಿಯ ದೊಡ್ಡ ಕುಳ. 1953ರಲ್ಲಿ ಇರಾನಿನ ದೊರೆ ಶಾ ಪರ ನಿಂತವನು. ಹತ್ತು ವರ್ಷದ ನಂತರ, 1963ರ ಜೂನ್ ಗಲಭೆಯಲ್ಲಿ, ಅದೇ ಶಾ ಸರ್ಕಾರ ಅವನನ್ನು ಹಿಡಿಯಿತು. ಶಾ ವಿರೋಧಿ ಧರ್ಮಗುರು ಖೊಮೇನಿ ದುಡ್ಡು ಕೊಟ್ಟರು ಅಂತ ಹೇಳು ಅಂದರೂ ಬಾಯಿ ಬಿಡಲಿಲ್ಲ ಅಂತ ಇಂದಿಗೂ ಹೇಳುತ್ತಾರೆ. ನವೆಂಬರ್‌ನಲ್ಲಿ ಗುಂಡಿಟ್ಟು ಕೊಂದರು. ಮೀಸೆಯ ಒಂದು ಕೂದಲನ್ನು ಅಡವಿಟ್ಟು ಮಾತು ಕೊಡುವ ಜನರ ನಡುವೆ ಬೆಳೆದವನು ಅವನು.

ಅವರೇನು ಸಾಚಾಗಳಾ, ಮಂಡಿಯಲ್ಲಿ ಹಫ್ತಾ ತಿಂದಿಲ್ವಾ, ಚಾಕು ಹಾಕಿಲ್ವಾ ಅಂತ ಕೇಳಬಹುದು. ಹಾಕಿದ್ದಾರೆ. ಅದಕ್ಕೆ ಅವರನ್ನು ಬೈಯಿರಿ, ಬೇಡ ಅನ್ನಲ್ಲ. ಟ್ಯಾಂಕಿನ ಲೆಕ್ಕವನ್ನೂ ಅವರ ತಲೆಗೇ ಕಟ್ಟಬೇಡಿ.

ಸಿಐಎ ತನ್ನ ಪಾತ್ರವನ್ನು ಒಪ್ಪಿಕೊಳ್ಳುವ ದಾಖಲೆ ಹೊರಬಂದಿದ್ದು 2013ರಲ್ಲಿ. ಅಷ್ಟರಲ್ಲಿ ಶಾಬಾನ್ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡು 7 ವರ್ಷ ಆಗಿತ್ತು. ತೀರಿಕೊಂಡದ್ದೂ ಆಗಸ್ಟ್ 19ರಂದೇ.