ಶಿಲ್ಕು ಒಂದು ಕುಣಿಕೆ

ರಾಯಚೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ ಹೊದಿಕೆ ಹೆಣೆಯುತ್ತ ಕೂತವನನ್ನು ಏನೆನ್ನಬೇಕೋ ನನಗೆ ಗೊತ್ತಿಲ್ಲ. ನನ್ನ ಹೆಂಡತಿಗೆ ಗೊತ್ತಿದೆ, ಆದರೆ ಅದು ಬರೆಯುವಂಥ ಮಾತಲ್ಲ. ಹೊರಗೆ 42 ಡಿಗ್ರಿ. ಕೂಲರು ಬಕೆಟ್‌ಗಟ್ಟಲೆ ನೀರು ಕುಡಿದು ಬಿಸಿ ಉಸಿರು ಬಿಡುತ್ತಿದೆ. ನಾನು ಪಡಸಾಲೆಯ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ರಾಣಿ ಬಣ್ಣದ ಉಲ್ಲನ್ ಉಂಡೆ ಇಟ್ಟುಕೊಂಡು ಕುಣಿಕೆ ಎಣಿಸುತ್ತಿದ್ದೇನೆ. ಹದಿನೇಳು, ಹದಿನೆಂಟು. ಈ ಹೊತ್ತಿನಲ್ಲಿ ಯಾರೂ ಮಾತಾಡಿಸಬಾರದು.

ತಪ್ಪು ಮಗಳದು. ನಾನು ರಿಟೈರಾದ ಮೇಲೆ ನನ್ನ ಬಲಗೈ ಬೆರಳು ಮಂಚದ ಪಟ್ಟಿಯ ಮೇಲೆ ಸುಮ್ಮನೆ ಕ್ಯಾಲ್ಕುಲೇಟರ್ ಒತ್ತುತ್ತಿರುವುದನ್ನು ಅವಳು ನೋಡಿದಳು. "ಅಪ್ಪಾಜಿ, ನಿಮ್ಮ ಕೈಗೆ ಏನಾರ ಕೆಲಸ ಕೊಡ್ಬೇಕು" ಅಂದವಳು ಬೆಂಗಳೂರಿಗೆ ಹೋಗಿ ಕೊರಿಯರ್‌ನಲ್ಲಿ ಒಂದು ಕಡ್ಡಿ ಕಳಿಸಿದಳು. ಒಂದು ತುದಿಗೆ ಕೊಕ್ಕೆ, ಇನ್ನೊಂದು ತುದಿಗೆ ಗುಂಡಿ. ನೋಡಿದರೆ ಬೆನ್ನು ಕೆರೆಯುವ ಕಡ್ಡಿಯಂತಿತ್ತು; ಎರಡು ದಿನ ಹಾಗೇ ಬಳಸಿದೆ ಕೂಡ. ಆಮೇಲೆ ಫೋನಿನಲ್ಲಿ ವಿಡಿಯೋ ಬಂತು. ಇದರ ಹೆಸರು ಟ್ಯುನೀಶಿಯನ್ ಕ್ರೋಶಾ ಅಂತ.

ಕ್ರೋಶಾ ನಮಗೆ ಹೊಸದಲ್ಲ. ಬಾಗಿಲ ತೋರಣ, ಟೀವಿಯ ಮೇಲಿನ ಮುಸುಕು, ಫ್ರಿಜ್ಜಿನ ಹಿಡಿಕೆಗೆ ಹಾಕಿದ ಅಂಗಿ, ಇವನ್ನು ಹೆಣೆಯದ ಹೆಣ್ಣುಮಕ್ಕಳು ನಮ್ಮ ಓಣಿಯಲ್ಲಿ ಇರಲಿಲ್ಲ. ಅವರದು ಗಿಡ್ಡ ಸೂಜಿ. ಒಂದು ಕುಣಿಕೆ ಎಳೆ, ಮುಗಿಸು, ಮುಂದಿನದಕ್ಕೆ ಹೋಗು. ಕೈಮೇಲೆ ಕೈಗೆ ರೊಕ್ಕದ ವ್ಯಾಪಾರ. ಈ ಟ್ಯುನೀಶಿಯನ್‌ನದು ಹಾಗಲ್ಲ, ಉದ್ದರಿ ವ್ಯವಹಾರ. ಬಲದಿಂದ ಎಡಕ್ಕೆ ಹೋಗುವಾಗ ಕೆಳಗಿನ ಸಾಲಿನ ಪ್ರತಿ ನಿಂತ ಗೆರೆಯೊಳಗೆ ಕೊಕ್ಕೆ ತೂರಿಸಿ ಒಂದೊಂದು ಕುಣಿಕೆ ಎಳೆದು ಕಡ್ಡಿಯ ಮೇಲೇ ಇಟ್ಟುಕೊಳ್ಳಬೇಕು. ಯಾವುದನ್ನೂ ಬಿಡುವಂತಿಲ್ಲ. ನನ್ನ ಹೊದಿಕೆಗೆ ಜೋಡಿಸಬೇಕಾದ ಚೌಕಗಳಲ್ಲಿ ಒಂದರ 24 ಕುಣಿಕೆಯೂ ಕಡ್ಡಿಯ ಮೇಲೆ ಜೋತುಬಿದ್ದಾಗ ಆ ತುದಿಯ ಗುಂಡಿ ಯಾಕಿದೆ ಎಂದು ತಿಳಿಯುತ್ತದೆ. ಆಮೇಲೆ ಬಟ್ಟೆ ತಿರುಗಿಸದೆ ಹಾಗೇ ವಾಪಸು ಬರಬೇಕು. ದಾರ ಸುತ್ತಿ ಮೊದಲು ಒಂದೇ ಕುಣಿಕೆಯಿಂದ ಎಳೆ, ಅಲ್ಲಿಂದಾಚೆ ಪ್ರತಿ ಸಲ ಎರಡರೊಳಗಿಂದ ಎಳೆ. ಹೀಗೆ ಕೂಡಿಟ್ಟದ್ದೆಲ್ಲ ಖರ್ಚಾಗುತ್ತ ಖರ್ಚಾಗುತ್ತ ಕೊನೆಗೆ ಕಡ್ಡಿಯ ಮೇಲೆ ಒಂದೇ ಕುಣಿಕೆ ಉಳಿಯುತ್ತದೆ.

ವಿಡಿಯೋದ ಹುಡುಗಿ ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಿದ್ದಳು. ಅವಳು "ಉಳಿದ ಆ ಒಂದು ಕುಣಿಕೆಯೇ ಮುಂದಿನ ಸಾಲಿನ ಮೊದಲನೆಯದು" ಅಂದಾಗ ನಾನು ಫೋನ್ ಕೆಳಗಿಟ್ಟುಬಿಟ್ಟೆ. ಅಯ್ಯೋ, ಇದು ನಮ್ಮ ರೊಕ್ಕದ ಪುಸ್ತಕ! ಹೋಗುವಾಗ ಜಮಾ, ಬರುವಾಗ ಖರ್ಚು, ಉಳಿದದ್ದು ಶಿಲ್ಕು. ಇಂದಿನ ಅಖೈರು ಶಿಲ್ಕೇ ನಾಳೆಯ ಆರಂಭದ ಶಿಲ್ಕು. 34 ವರ್ಷ ನಾನು ಮಾಡಿದ್ದು ಇದನ್ನೇ, ಕಡ್ಡಿ ಮಾತ್ರ ಇರಲಿಲ್ಲ.

ನಾನು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆದವನು. ರಾಜೇಂದ್ರ ಗಂಜಿನ ಮಾರುಕಟ್ಟೆಯಿಂದ ಗಾಡಿ ಬಂದರೆ ತೂಕ ಎಷ್ಟು, ಕಾಳು ಬೇರೆಯಾದ ಮೇಲೆ ಅರಳೆ ಎಷ್ಟು, 170 ಕಿಲೋದ ಬೇಲುಗಳು ಎಷ್ಟು, ಎಣ್ಣೆ ಗಾಣಕ್ಕೆ ಹೋದ ಕಾಳು ಎಷ್ಟು. ಹತ್ತಿಯ ತೂಕದಲ್ಲಿ ಅರಳೆ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು, ಉಳಿದದ್ದು ಕಾಳು. ಇದರಾಚೆ ಹೋದರೆ ಯಾರೋ ಕೈಯಾಡಿಸಿದ್ದಾರೆ ಅಂತಲೇ ಅರ್ಥ. ಸೀಜನ್ನಿನಲ್ಲಿ ಮೂಗಿನ ಕೂದಲಿಗೂ ಅರಳೆ ಮೆತ್ತಿಕೊಂಡಿರುತ್ತಿತ್ತು. ಅಂಥ ಹತ್ತಿಯ ಊರಲ್ಲಿ ದಾರ ಕೊಳ್ಳಲು ತೀನ್ ಕಂದೀಲ್ ಕಡೆ ಹೋದರೆ ಅಂಗಡಿಯವ ಅಟ್ಟದಿಂದ ಧೂಳು ಹಿಡಿದ ಚೀಲ ಇಳಿಸಿದ. "ಈ ಬ್ಯಾಸಗ್ಯಾಗ ಉಲ್ಲನ್ ಕೇಳಿದವರು ನೀವೇ ಮೊದಲು ನೋಡ್ರಿ ಸರ." ಉಲ್ಲನ್ ಎಂಬುದು ಬಾಯಿಮಾತು ಅಷ್ಟೇ. ಅದರಲ್ಲಿ ಕುರಿಯದೊಂದು ಕೂದಲೂ ಇಲ್ಲ, ಹೊಲದ್ದೊಂದು ಎಳೆಯೂ ಇಲ್ಲ. ಪೂರಾ ಅಕ್ರಿಲಿಕ್, ಚೀಟಿಯ ಮೇಲೆ ಲುಧಿಯಾನದ ವಿಳಾಸ. ಅಮೆರಿಕದವರು ಈ ಹೆಣಿಗೆಗೆ ಅಫ್ಘನ್ ಅನ್ನುತ್ತಾರಂತೆ, ಹೆಣೆದ ಹೊದಿಕೆಗೂ ಅಫ್ಘನ್ ಅಂತಲೇ ಹೆಸರು. ಟ್ಯುನೀಶಿಯ, ಅಫ್ಘಾನಿಸ್ತಾನ, ಲುಧಿಯಾನ ಎಲ್ಲ ಸೇರಿ ನಮ್ಮ ಪಡಸಾಲೆಗೆ ಬಂದವು.

ರಾಣಿ ಬಣ್ಣ, ಗಿಳಿಹಸಿರು, ಅರಿಶಿಣ, ರಾಮಾ ಗ್ರೀನ್ ತಂದೆ. ಬಣ್ಣ ಬದಲಿಸುವುದಕ್ಕೂ ಒಂದು ಗಳಿಗೆ ಇದೆ. ವಾಪಸು ಬರುತ್ತ ಕಡ್ಡಿಯ ಮೇಲೆ ಎರಡೇ ಕುಣಿಕೆ ಉಳಿದಾಗ ಹೊಸ ದಾರ ಎಳೆದರೆ ಮುಂದಿನ ಸಾಲಿನ ಶಿಲ್ಕು ಹೊಸ ಬಣ್ಣದ್ದಾಗುತ್ತದೆ. ಒಂದು ಕುಣಿಕೆ ತಡವಾದರೆ ಅಂಚಿನಲ್ಲಿ ಹಳೆಯ ಬಣ್ಣ ಇಣುಕುತ್ತದೆ. ಹೋಗುವಾಗ ಒಂದು ಬಣ್ಣ, ಬರುವಾಗ ಇನ್ನೊಂದು ಹಿಡಿದರೆ ಮತ್ತೂ ಚೆಂದ. ನಿಂತ ಗೆರೆ ಒಂದು ಬಣ್ಣ, ಅಡ್ಡ ಗೆರೆ ಇನ್ನೊಂದು, ಮಗ್ಗದ ಹಾಸು ಹೊಕ್ಕಿನ ಹಾಗೆ. ಹಳದಿಯಲ್ಲಿ ಹೋಗಿ ರಾಣಿಯಲ್ಲಿ ಬಂದೆ. ದೂರದಿಂದ ನೋಡಿದರೆ ಅಲ್ಲಿ ಇಲ್ಲದ ಮೂರನೆಯ ಬಣ್ಣವೊಂದು ಕಾಣಿಸಿತು. ಹೆಂಡತಿ, "ಇದೇ ಬಣ್ಣದ ಬ್ಲೌಸ್ ಪೀಸ್ ಹುಡುಕಿ ಸಾಕಾಗಿತ್ತು ನೋಡ್ರಿ" ಅಂದಳು. ಅಷ್ಟು ದಿನದಲ್ಲಿ ಅದೇ ನನಗೆ ಬಂದ ಮೊದಲ ಶಹಬ್ಬಾಸ್.

ಆದರೆ ಮೊದಲ ಚೌಕ ಚೌಕವಾಗಲಿಲ್ಲ. ಕೆಳಗೆ ಆರು ಇಂಚು, ಮೇಲೆ ಐದೂಕಾಲು. ಮುಚ್ಚಳ ಕಳೆದ ಬಕೆಟ್ಟನ್ನು ಬೋರಲು ಹಾಕಿದ ಆಕಾರ. ಎಣಿಸಿದೆ, 21. ಮೂರು ಕುಣಿಕೆ ಎಲ್ಲಿ ಹೋದವು? ಮಿಲ್ಲಿನಲ್ಲಿ ಒಮ್ಮೆ 24 ರೂಪಾಯಿ ತಾಳೆಯಾಗದೆ ರಾತ್ರಿ ಒಂದೂವರೆ ತನಕ ಕೂತಿದ್ದೆವು. ಮಾಲೀಕರು ಜೇಬಿನಿಂದ ಹಾಕುತ್ತೇನೆ ಅಂದರೂ ನಾನು ಒಪ್ಪಿರಲಿಲ್ಲ. ಈಗಲೂ ಕನ್ನಡಕ ಏರಿಸಿ, ಸೂಜಿಯ ತುದಿಯಿಂದ ಸಾಲು ಸಾಲು ತಡಕುತ್ತ ಹೋದೆ. ಕಳ್ಳತನ ಎಡ ಅಂಚಿನಲ್ಲೇ. ಅಲ್ಲಿ ಕೊನೆಯ ಕುಣಿಕೆ ಪಕ್ಕಕ್ಕೆ ಮಲಗಿರುತ್ತದೆ, ನಿಂತ ಗೆರೆಯಂತೆ ಕಾಣುವುದಿಲ್ಲ. ಮೂರು ಸಾಲಿನಲ್ಲಿ ಅದನ್ನು ಬಿಟ್ಟು ತಿರುಗಿ ಬಂದಿದ್ದೆ. ಅದರ ಎರಡೂ ಎಳೆಯೊಳಗೆ ಕೊಕ್ಕೆ ಹಾಕಬೇಕು, ಆಗ ಅಂಚು ಗಟ್ಟಿ. ತಪ್ಪು ಸಿಕ್ಕಿದ ಮೇಲೆ ಚೌಕ ಬಿಚ್ಚಲು ಮನಸ್ಸಾಗಲಿಲ್ಲ. ಸಿಕ್ಕಿದ ತಪ್ಪಿಗೆ ಒಂದು ಸಾಕ್ಷಿ ಇರಲಿ.

ಎರಡನೆಯದರಲ್ಲಿ 24 ಕುಣಿಕೆ, 21 ಸಾಲು, ಪಕ್ಕಾ ಆರಿಂಚು. ಆದರೆ ಕಡ್ಡಿ ತೆಗೆದ ಕೂಡಲೇ ಅದು ಎಣ್ಣೆಗೆ ಬಿದ್ದ ಹಪ್ಪಳದಂತೆ ಮುಂದಕ್ಕೆ ಸುರುಳಿ ಸುತ್ತಿಕೊಂಡಿತು. ಈ ಹೆಣಿಗೆಯ ಜನ್ಮಗುಣವೇ ಅದು. ದಾರಕ್ಕೆ ಹೇಳಿದ್ದಕ್ಕಿಂತ ತುಸು ದಪ್ಪ ಕಡ್ಡಿ ಹಿಡಿದರೆ ಸ್ವಲ್ಪ ಸಡಿಲ, ಸುತ್ತ ಮಾಮೂಲಿ ಕ್ರೋಶಾದ ಅಂಚು ಕಟ್ಟಿದರೆ ಇನ್ನಷ್ಟು ವಾಸಿ. ಇಸ್ತ್ರಿ ಮಾತ್ರ ಮುಟ್ಟಿಸಬಾರದು, ಅಕ್ರಿಲಿಕ್ ಜೀವ ಬಿಟ್ಟು ಜೋಲು ಬೀಳುತ್ತದೆ. ನಾನು ಒದ್ದೆ ಮಾಡಿ, ಗಣಪತಿ ಮಂಟಪದ ಥರ್ಮಾಕೋಲಿನ ಮೇಲೆ ಗುಂಡುಸೂಜಿ ಚುಚ್ಚಿ ಮಾಳಿಗೆಯ ನೆರಳಲ್ಲಿಟ್ಟೆ. ಮುಕ್ಕಾಲು ತಾಸಿಗೆ ಒಣಗಿತು. ಈ ಊರಿನ ಬಿಸಿಲು ಉಪಯೋಗಕ್ಕೆ ಬಂದದ್ದನ್ನು ನಾನು ಬೇರೆ ಕಡೆ ಕಂಡದ್ದು ಹಪ್ಪಳ, ಮೆಣಸಿನಕಾಯಿಗೆ ಮಾತ್ರ.

ಅವ್ವನಿಗೆ ಈಗ 82. ಕೌದಿ ಹೊಲಿಯುವುದರಲ್ಲಿ ಓಣಿಗೆ ದೊಡ್ಡವಳು. ಹಳೇ ಸೀರೆ, ಧೋತರ, ನನ್ನ ಸಾಲಿ ಅಂಗಿ ಎಲ್ಲ ಅವಳ ಕೌದಿಯಲ್ಲಿವೆ. ಕತ್ತಲಲ್ಲಿ ಕೈಯಾಡಿಸಿ ಯಾವುದು ಯಾರದ್ದು ಅನ್ನುತ್ತಾಳೆ. ಚೌಕ ಹಿಂದೆ ಮುಂದೆ ಮಾಡಿ ನೋಡಿದಳು.

"ಇಂಥವು ಎಷ್ಟು ಬೇಕೋ ತಮ್ಮ?"

"ಐದು ಫೂಟು ಅಗಲ, ಏಳು ಫೂಟು ಉದ್ದಕ್ಕ ನೂರಾ ನಲವತ್ತು, ಅವ್ವ. ಒಟ್ಟು 70,560 ಕುಣಿಕೆ."

"ಯಾವ ವರ್ಷದ ಥಂಡಿಗೆ?"

ನಾನು ಉತ್ತರ ಕೊಡಲಿಲ್ಲ. "ಕೌದಿಗೆ ಎಣಿಕಿ ಎಲ್ಲೈತಪ್ಪ, ಅರಿವಿ ತೀರಿದಾಗ ಕೌದಿ ತೀರತೈತಿ" ಅಂದು ಎದ್ದು ಹೋದಳು.

ಸಂಜೆ ನೀರು ಕುಡಿಯಲು ಹೋದರೆ ಹರವಿ ಎಂದಿನ ಹಾಗೆ ಅಲುಗಾಡುವ ಬದಲು ನೆಟ್ಟಗೆ ಕೂತಿತ್ತು. ಬಗ್ಗಿ ನೋಡಿದೆ. ಕೆಳಗೆ ನನ್ನ ಮೊದಲ ಚೌಕ, ನಾಲ್ಕೂ ಅಂಚು ಮೇಲಕ್ಕೆ ಸುರುಳಿಯಾಗಿ ಹರವಿಯ ಗುಂಡು ತಳವನ್ನು ಬಿಗಿಯಾಗಿ ಅಪ್ಪಿಕೊಂಡಿತ್ತು. "ಸಿಂಬಿ ಹರದಿತ್ತು, ಇದು ತಾನ ಸುತ್ಕೊಂಡೈತಿ, ಚಲೋ ಆತು. ಮತ್ತ ನೀ ಅದನ್ನ ಚಪ್ಪಟಿ ಮಾಡ್ಲಿಕ್ಕೆ ಹೋಗಬ್ಯಾಡ" ಅಂತ ಒಳಗಿನಿಂದ ಅವ್ವ ಕೂಗಿದಳು.

ರಾತ್ರಿ ಡೈರಿ ತೆಗೆದು ಬರೆದೆ. ಚೌಕ ಜಮಾ 2. ಖರ್ಚು, ಹರವಿ ಬಾಬ್ತು, 1. ಶಿಲ್ಕು 1.