ಶೇ. 43ಕ್ಕೆ ಹೋದ ಕರೆಂಟು

ಮೂಡಿಗೆರೆಯಲ್ಲಿ ಆಷಾಢದ ಮಳೆ ಹಿಡಿದರೆ ಕರೆಂಟು ಮುನಿಸಿಕೊಂಡ ನೆಂಟನಂತೆ. ಯಾವಾಗ ಎದ್ದು ಹೋಗುತ್ತದೋ ಹೇಳಲಾಗದು. ಇದು ಗೊತ್ತಿದ್ದೂ ಮೊನ್ನೆ ಸಂಜೆ ರೂಟರ್‌ನ ಫರ್ಮ್‌ವೇರ್ ಅಪ್‌ಡೇಟ್ ಮಾಡಲು ಕುಳಿತೆ. ಪರದೆಯ ಮೇಲೆ ಕೆಂಪಕ್ಷರದ ಎಚ್ಚರಿಕೆ: ‘ಮುಗಿಯುವವರೆಗೆ ವಿದ್ಯುತ್ ಕಡಿತಗೊಳಿಸಬೇಡಿ.’ ಅಯ್ಯಾ, ಕಡಿತಗೊಳಿಸುವವನು ನಾನೇ? ಶೇ. 43 ತಲುಪಿತ್ತು. ಒಂದು ಗುಡುಗು, ಮನೆಯೆಲ್ಲ ಕತ್ತಲು.

ಮೊಬೈಲಿನ ಆ್ಯಪ್ ಅರ್ಧಕ್ಕೆ ನಿಂತರೆ ಮತ್ತೆ ಶುರು ಮಾಡಬಹುದು. ಫರ್ಮ್‌ವೇರ್ ಹಾಗಲ್ಲ. ಅದು ಉಪಕರಣದ ಫ್ಲ್ಯಾಶ್ ಮೆಮೊರಿಯೊಳಗೆ ಕುಳಿತು ಅದನ್ನು ನಡೆಸುವ ತಂತ್ರಾಂಶ. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ನಡುವೆ ಕರೆಂಟು ಹೋದರೆ ಪೆಟ್ಟಿಗೆಯನ್ನು ಎಬ್ಬಿಸುವವರೇ ಇರುವುದಿಲ್ಲ. ಎರಡು ಪ್ರತಿ ಇಟ್ಟುಕೊಂಡು ಬಚಾವಾಗುವ ಉಪಕರಣಗಳೂ ಇವೆ. ನನ್ನದು ಆ ಪೈಕಿ ಅಲ್ಲ. ಈಗ ಕೆಂಪು ದೀಪವೊಂದು ಮಿಣುಕುತ್ತದೆ, ಅಷ್ಟೇ.

ಸೇವಾ ಕೇಂದ್ರಕ್ಕೆ ಫೋನ್ ಮಾಡಿದರೆ, ‘ಯುಪಿಎಸ್‌ಗೆ ಜೋಡಿಸಿ ಮಾಡಬೇಕಿತ್ತು ಸರ್’ ಎಂಬ ಉಪದೇಶ. ಅಪ್‌ಡೇಟೇ ಮಾಡದೆ ಬಿಟ್ಟಿದ್ದರೆ ‘ಭದ್ರತಾ ಲೋಪ ಮುಚ್ಚಿಕೊಳ್ಳಿ’ ಎಂದು ಬೆನ್ನು ಹತ್ತುತ್ತಿದ್ದವರೂ ಇವರೇ. ರೀಸೆಟ್ ತೂತಿಗೆ ಚುಚ್ಚಿ ಚುಚ್ಚಿ ಹೆಂಡತಿಯ ಸೀರೆಪಿನ್ನು ಬಾಗಿದೆ. ಆ ಬೈಗುಳ ಇನ್ನೂ ಬಾಕಿ ಇದೆ.